ಹೊರದೇಶದಿಂದ ಬರುವ ಆನ್‌ಲೈನ್ ಮಾರ್ಕೆಟಿಂಗ್ ದುಡ್ಡಿಗೆ ಸೇಲ್ಸ್ ಟ್ಯಾಕ್ಸ್ ಕಟ್ಟಬೇಕಾ?

ಪ್ರಶ್ನೆ (ಸಾಗರದ ಸದಸ್ಯೆ):
ಸರ್, ನಾನು ಅಡುಗೆ ಬಗ್ಗೆ ಇಂಗ್ಲಿಷಿನಲ್ಲಿ ಬ್ಲಾಗ್ ಬರೆಯುತ್ತೇನೆ. ಓದುವವರು ಜಾಸ್ತಿ ಅಮೆರಿಕದವರು. ಈ ಆರ್ಥಿಕ ವರ್ಷದಲ್ಲಿ ಫೆಬ್ರವರಿ ಮುಗಿಯುವವರೆಗೆ ಬ್ಲಾಗಿನಲ್ಲಿ ಜಾಹೀರಾತು ತೋರಿಸಿದ್ದಕ್ಕೆ ಗೂಗಲ್ ಆಡ್‌ಸೆನ್ಸ್‌ನಿಂದ 13 ಲಕ್ಷ ಬಂದಿದೆ. ಅಮೆರಿಕದ ಒಂದು ಪಾತ್ರೆ ಅಂಗಡಿಯ ಲಿಂಕ್ ಹಾಕುತ್ತೇನೆ, ಆ ಲಿಂಕ್ ಒತ್ತಿ ಓದುಗರು ಕೊಂಡರೆ ಸಿಗುವ ಅಫಿಲಿಯೇಟ್ ಕಮಿಷನ್ 5.5 ಲಕ್ಷ. ಎರಡೂ ನನ್ನ ಖಾತೆಗೆ ರೂಪಾಯಿಯಲ್ಲೇ ಬೀಳುತ್ತವೆ. ಇದಲ್ಲದೆ ಒಂದು ಮನೆ ಬಾಡಿಗೆಗೆ ಕೊಟ್ಟಿದ್ದೇವೆ, ನನ್ನ ಹೆಸರಿನಲ್ಲಿದೆ, ತಿಂಗಳಿಗೆ 15,000. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ಟೀ ಅಂಗಡಿಯವರಿಗೆ ನೋಟಿಸ್ ಬಂದಿತ್ತಲ್ಲ, ಆವತ್ತಿನಿಂದ ಮನೆಯಲ್ಲಿ ಭಯ. ಮಾವನವರು "ಸೇಲ್ಸ್ ಟ್ಯಾಕ್ಸ್ ಆಫೀಸಿಗೆ ಹೋಗಿ ಕೇಳು" ಅನ್ನುತ್ತಾರೆ. ತಮ್ಮ "ಎಕ್ಸ್‌ಪೋರ್ಟ್‌ಗೆ ಟ್ಯಾಕ್ಸೇ ಇಲ್ಲ, ಸುಮ್ನೆ ಇರು" ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ (ತೆರಿಗೆ ಸಲಹೆಗಾರ, ಮೈಸೂರು):
ಟ್ಯಾಕ್ಸ್ ಇಲ್ಲ ಅನ್ನುವುದರಲ್ಲಿ ತಮ್ಮ ಹೇಳಿದ್ದು ಬಹುಪಾಲು ಸರಿ. ಸುಮ್ನೆ ಇರು ಅಂದಿದ್ದು ಮಾತ್ರ ತಪ್ಪು.

ಮಾವನವರು ಹೇಳುವ ಸೇಲ್ಸ್ ಟ್ಯಾಕ್ಸ್ 1957ರ ಕಾಯ್ದೆಯದು. 2005ರ ಏಪ್ರಿಲ್‌ನಲ್ಲಿ ಅದರ ಜಾಗಕ್ಕೆ ವ್ಯಾಟ್ ಬಂತು, 2017ರ ಜುಲೈ 1ರಿಂದ ಜಿಎಸ್‌ಟಿ. ನೀವು ವಸ್ತು ಮಾರುತ್ತಿಲ್ಲ, ಸೇವೆ ಕೊಡುತ್ತಿದ್ದೀರಿ. ಸೇವೆಗೂ ಈಗ ಅನ್ವಯಿಸುವುದು ಜಿಎಸ್‌ಟಿಯೇ.

ಮೊದಲು ನೋಂದಣಿ. ಕರ್ನಾಟಕದಲ್ಲಿ ಸೇವೆ ಕೊಡುವವರಿಗೆ ಮಿತಿ ವರ್ಷಕ್ಕೆ 20 ಲಕ್ಷ. ಇಲ್ಲೇ ತುಂಬ ಜನ ಎಡವುತ್ತಾರೆ. ಎಕ್ಸ್‌ಪೋರ್ಟ್ ದುಡ್ಡು ಈ ಲೆಕ್ಕಕ್ಕೆ ಸೇರುವುದಿಲ್ಲ ಅಂದುಕೊಳ್ಳುತ್ತಾರೆ. ಸೇರುತ್ತದೆ. ಟ್ಯಾಕ್ಸ್ ಇಲ್ಲದ ಮನೆ ಬಾಡಿಗೆಯೂ ಸೇರುತ್ತದೆ. ಒಂದು ಪ್ಯಾನ್‌ನಲ್ಲಿ ಬಂದ ಎಲ್ಲ ವಹಿವಾಟನ್ನೂ ಕೂಡಿಸಬೇಕು. ನಿಮ್ಮದು 13 ಮತ್ತು 5.5 ಸೇರಿ 18.5 ಲಕ್ಷ. ಹನ್ನೊಂದು ತಿಂಗಳ ಬಾಡಿಗೆ 1.65 ಲಕ್ಷ. ಒಟ್ಟು 20.15 ಲಕ್ಷ. ಬಾಡಿಗೆಯೇ ನಿಮ್ಮನ್ನು ಗೆರೆ ದಾಟಿಸಿತು ನೋಡಿ. ದಾಟಿದ ದಿನದಿಂದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ನಾಳೆಯೇ ಹಾಕಿ. ನೋಂದಣಿ ಆಯಿತು ಅಂತ ಬಾಡಿಗೆಗೆ ಟ್ಯಾಕ್ಸ್ ಬೀಳುವುದಿಲ್ಲ. ಬಾಡಿಗೆಯವರು ಸಂಸಾರ ಇಟ್ಟುಕೊಂಡು ವಾಸವಿದ್ದು, ಅವರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಅದು ವಿನಾಯಿತಿಯಲ್ಲೇ ಇರುತ್ತದೆ.

ಇನ್ನು ಆಡ್‌ಸೆನ್ಸ್. ಓದುಗರು ಯಾವ ದೇಶದವರು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ನಿಮ್ಮ ಸೇವೆ ತೆಗೆದುಕೊಂಡು ದುಡ್ಡು ಕೊಡುವವರು ಯಾರು, ಅದನ್ನು ನೋಡಬೇಕು. ಭಾರತದವರಿಗೆ ಆಡ್‌ಸೆನ್ಸ್ ದುಡ್ಡು ಕಳಿಸುವುದು ಸಿಂಗಾಪುರದ ಗೂಗಲ್ ಏಷ್ಯಾ ಪೆಸಿಫಿಕ್. ನೀವು ಇಲ್ಲಿದ್ದೀರಿ, ಅವರು ಹೊರಗಿದ್ದಾರೆ, ದುಡ್ಡು ವಿದೇಶಿ ವಿನಿಮಯದಲ್ಲಿ ಬರುತ್ತದೆ. ಹಾಗಾಗಿ ಇದು ಸೇವೆಯ ರಫ್ತು. ತೆರಿಗೆ ಸೊನ್ನೆ. ಖಾತೆಗೆ ರೂಪಾಯಿ ಬಿದ್ದರೆ ಹೆದರಬೇಡಿ, ಡಾಲರನ್ನು ಬ್ಯಾಂಕೇ ಬದಲಾಯಿಸಿ ಹಾಕಿರುತ್ತದೆ. ಆದರೆ ಡಾಲರ್ ಬಂದಿದ್ದಕ್ಕೆ ಎಫ್‌ಐಆರ್‌ಸಿ, ಅಂದರೆ ಹೊರಗಿನಿಂದ ದುಡ್ಡು ಬಂತು ಅಂತ ಬ್ಯಾಂಕ್ ಕೊಡುವ ಪ್ರಮಾಣಪತ್ರ, ಅಥವಾ ಅಂಥದೇ ಸೂಚನಾ ಪತ್ರವನ್ನು ಪ್ರತಿ ಸಲ ತೆಗೆದಿಡಿ. ಪೇಪಾಲ್ ಮೂಲಕ ಬಂದರೂ ಅಷ್ಟೇ. ನೋಟಿಸ್ ಬಂದ ದಿನ ನಿಮ್ಮನ್ನು ಕಾಪಾಡುವುದು ಆ ಕಾಗದ.

ಸೊನ್ನೆ ತೆರಿಗೆ ಪಡೆಯಲು ಎಲ್‌ಯುಟಿ ಕೊಡಬೇಕು. ತೆರಿಗೆ ಕಟ್ಟದೆ ರಫ್ತು ಮಾಡುತ್ತೇನೆ ಅಂತ ಬರೆದುಕೊಡುವ ಮುಚ್ಚಳಿಕೆ ಅದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ-11 ನಮೂನೆ, ಒಂದು ಪೈಸೆ ಖರ್ಚಿಲ್ಲ. ಮಾರ್ಚ್ 31ಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಅಂದರೆ ಈಗ ಒಂದು ಕೊಟ್ಟರೂ ಏಪ್ರಿಲ್‌ಗೆ ಮತ್ತೊಂದು ಕೊಡಬೇಕು. ಎಲ್‌ಯುಟಿ ಮರೆತು ರಫ್ತು ಮಾಡಿದವರಿಗೆ ಸೌಲಭ್ಯ ತಪ್ಪಿಸಬಾರದು, ಆಮೇಲೆ ಕೊಟ್ಟರೂ ಒಪ್ಪಬಹುದು ಅಂತ 2018ರ ಮಾರ್ಚ್‌ನ ಸುತ್ತೋಲೆ ಇದೆ. ಅದಿದೆಯಲ್ಲ ಅಂತ ಮಾತ್ರ ತಡ ಮಾಡಬೇಡಿ.

ನನ್ನ ತಲೆ ಕೆಡಿಸುವುದು ಆ 5.5 ಲಕ್ಷ ಕಮಿಷನ್. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವವನನ್ನು ಜಿಎಸ್‌ಟಿ ಕಾಯ್ದೆ ಮಧ್ಯವರ್ತಿ ಅನ್ನುತ್ತದೆ. ಅಂಥವನ ಸೇವೆ ನಡೆದದ್ದು ಅವನಿರುವ ಜಾಗದಲ್ಲೇ ಅಂತ, ರಾಜ್ಯ ಅಥವಾ ದೇಶದ ಗಡಿ ದಾಟುವ ವಹಿವಾಟಿಗಿರುವ ಐಜಿಎಸ್‌ಟಿ ಕಾಯ್ದೆಯ ಸೆಕ್ಷನ್ 13(8)(ಬಿ) ಹೇಳಿತು. ಅಂದರೆ ಗಿರಾಕಿ ಅಮೆರಿಕದಲ್ಲಿದ್ದರೂ ಸೇವೆ ಸಾಗರದಲ್ಲೇ ನಡೆದ ಹಾಗೆ. ಆಗ ರಫ್ತಲ್ಲ, 18% ತೆರಿಗೆ. ಇದು ಮಿತಿ ದಾಟಿದ ಮೇಲಿನ ಕಮಿಷನ್‌ಗೆ ಮಾತ್ರ. ಆಮೇಲೆ ಇಷ್ಟೇ 5.5 ಲಕ್ಷ ಬಂದು, ಬಂದ ದುಡ್ಡಿನಲ್ಲೇ ತೆರಿಗೆ ಸೇರಿದೆ ಅಂತ ಲೆಕ್ಕ ಹಾಕಿದರೆ ಅದರಲ್ಲಿ ಸುಮಾರು 83,900 ರೂಪಾಯಿ ಹೋಗುತ್ತದೆ. ಸಣ್ಣ ಮೊತ್ತ ಅಲ್ಲ.

ಹಾಗಂತ ಪ್ರತಿ ಅಫಿಲಿಯೇಟ್ ಮಧ್ಯವರ್ತಿ ಅಲ್ಲ. ಸ್ವಂತ ಹೊಣೆಯಲ್ಲಿ ತನ್ನದೇ ಸೇವೆ ಕೊಡುವವನು ಮಧ್ಯವರ್ತಿ ಅಲ್ಲ ಅಂತ 2021ರ ಸೆಪ್ಟೆಂಬರ್ 20ರ ಸುತ್ತೋಲೆ ಬಿಡಿಸಿ ಹೇಳಿದೆ. ನೀವು ಬೆಲೆ ಮಾತಾಡುವುದಿಲ್ಲ, ಆರ್ಡರ್ ತೆಗೆದುಕೊಳ್ಳುವುದಿಲ್ಲ. ನಿಮ್ಮ ಪುಟದಲ್ಲಿ ಜಾಗ ಕೊಟ್ಟು ಪ್ರಚಾರ ಮಾಡುತ್ತೀರಿ. ಅದು ಜಾಹೀರಾತು ಸೇವೆ ಅನ್ನುವುದು ನನ್ನ ಓದು. ಆದರೆ ಅಧಿಕಾರಿ ನನ್ನ ಓದನ್ನು ನೋಡುವುದಿಲ್ಲ, ನಿಮ್ಮ ಒಪ್ಪಂದ ನೋಡುತ್ತಾರೆ. ಅದರಲ್ಲಿ ಜಾಹೀರಾತು ಶುಲ್ಕ ಅಂತ ಇದೆಯಾ, ಮಾರಾಟ ಮಾಡಿಸಿಕೊಟ್ಟ ದಲ್ಲಾಳಿ ಅಂತ ಇದೆಯಾ? ಅದನ್ನು ಇಲ್ಲಿ ಹಾಕಿ, ಹೆಸರು ಅಳಿಸಿ. ಇನ್ನೊಂದು ಮಾತು. 2025ರ ಸೆಪ್ಟೆಂಬರ್ 3ರ 56ನೇ ಸಭೆಯಲ್ಲಿ ಜಿಎಸ್‌ಟಿ ಮಂಡಳಿ ಈ ಸೆಕ್ಷನ್ನನ್ನೇ ತೆಗೆಯಲು ಶಿಫಾರಸು ಮಾಡಿದೆ. ನನಗೆ ನಿಜಕ್ಕೂ ಖುಷಿಯಾದ ಶಿಫಾರಸು ಅದು. ಆದರೂ ತಿದ್ದುಪಡಿ ಜಾರಿಯಾಗುವ ಮೊದಲಿನ ಕಮಿಷನ್‌ಗೆ ಹಳೆಯ ಸೆಕ್ಷನ್ ಹಿಡಿದು ಕೇಳುವ ಸಾಧ್ಯತೆ ಇದೆ. ಹಳೆಯ ಒಪ್ಪಂದ ಎಸೆಯಬೇಡಿ.

ಹುಬ್ಬಳ್ಳಿಯ ಸದಸ್ಯ:
ಸರ್, ನನ್ನ ಕಮಿಷನ್ ಅರ್ಧ ಗಿಫ್ಟ್ ಕಾರ್ಡ್‌ನಲ್ಲಿ, ಅರ್ಧ ಕ್ರಿಪ್ಟೊದಲ್ಲಿ ಬರುತ್ತದೆ. ವರ್ಷಕ್ಕೆ 22 ಲಕ್ಷ, ನೋಂದಣಿ ಆಗಿದೆ. ಇದೂ ರಫ್ತೇ ಅಲ್ವಾ?

ಸಲಹೆಗಾರ:
ಅಲ್ಲ ಕಣ್ರೀ. ವಿದೇಶಿ ವಿನಿಮಯವಾಗಿ, ಇಲ್ಲವೇ ರಿಸರ್ವ್ ಬ್ಯಾಂಕ್ ಒಪ್ಪಿದ ಕಡೆ ರೂಪಾಯಿಯಾಗಿ ದುಡ್ಡು ಬಂದರೆ ಮಾತ್ರ ರಫ್ತು. ಗಿಫ್ಟ್ ಕಾರ್ಡೂ ಕ್ರಿಪ್ಟೊವೂ ಎರಡರಲ್ಲೂ ಸೇರುವುದಿಲ್ಲ. ದಯವಿಟ್ಟು ಇವತ್ತೇ ಸೆಟ್ಟಿಂಗ್ ಬದಲಾಯಿಸಿ ಬ್ಯಾಂಕಿಗೆ ತರಿಸಿಕೊಳ್ಳಿ.

ದಾವಣಗೆರೆಯ ಸದಸ್ಯೆ:
ಹೊರದೇಶದ ಹೋಸ್ಟಿಂಗ್, ಇಮೇಲ್ ಟೂಲ್‌ಗೆ ತಿಂಗಳಿಗೆ 60 ಡಾಲರ್ ಕೊಡುತ್ತೇನೆ. ಅದಕ್ಕೇನಾದರೂ ಇದೆಯಾ?

ಸಲಹೆಗಾರ:
ಇದೆ. ನೋಂದಣಿ ಆದವರು ಹೊರಗಿನಿಂದ ಸೇವೆ ತರಿಸಿಕೊಂಡರೆ ರಿವರ್ಸ್ ಚಾರ್ಜ್‌ನಲ್ಲಿ 18% ತಾವೇ ಕಟ್ಟಬೇಕು, ಅದೂ ನಗದು ಲೆಡ್ಜರ್‌ನಿಂದ, ಅಂದರೆ ದುಡ್ಡಾಗಿಯೇ. ಆಮೇಲೆ ಅದರ ಕ್ರೆಡಿಟ್, ಅಂದರೆ ಮುಂದೆ ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುತ್ತದೆ. ಎಲ್‌ಯುಟಿ ಮೇಲೆ ರಫ್ತು ಮಾಡುವವರು ಆ ಕ್ರೆಡಿಟ್ಟನ್ನು ಎರಡು ವರ್ಷದೊಳಗೆ ರಿಫಂಡ್ ಕೇಳಬಹುದು. ಆ ಕಂಪನಿಗಳಿಗೆ ನಿಮ್ಮ ಜಿಎಸ್‌ಟಿ ನಂಬರ್ ಕೊಡಿ, ಇಲ್ಲದಿದ್ದರೆ ಅವರೂ ತೆರಿಗೆ ಹಾಕಿ ಎರಡು ಸಲ ಆದೀತು.

ಸಾಗರದ ಸದಸ್ಯೆ:
ತುಂಬ ಥ್ಯಾಂಕ್ಸ್ ಸರ್. ಅಮೆರಿಕದಲ್ಲೂ ಸೇಲ್ಸ್ ಟ್ಯಾಕ್ಸ್ ಇದೆಯಂತೆ. ಅಲ್ಲಿಗೂ ಕಟ್ಟಬೇಕಾ? ಒಪ್ಪಂದ ನೋಡಿದೆ, ಜಾಹೀರಾತು ಶುಲ್ಕ ಅಂತಲೇ ಇದೆ.

ಸಲಹೆಗಾರ:
ಒಳ್ಳೆಯದಾಯಿತು, ಅದರ ಪ್ರಿಂಟ್ ತೆಗೆದಿಡಿ. ಅಲ್ಲಿನ ಸೇಲ್ಸ್ ಟ್ಯಾಕ್ಸ್ ಆಯಾ ರಾಜ್ಯದ್ದು. ಪಾತ್ರೆ ಕೊಂಡವರಿಂದ ಅಂಗಡಿಯವರು ವಸೂಲಿ ಮಾಡಿ ಕಟ್ಟುತ್ತಾರೆ. ನೀವು ಪಾತ್ರೆ ಮಾರಿಲ್ಲ, ನಿಮಗೆ ಅದು ಬರುವುದಿಲ್ಲ. ಗೂಗಲ್ ಕೇಳುವ ಡಬ್ಲ್ಯು-8 ನಮೂನೆ ಅಲ್ಲಿನ ಆದಾಯ ತೆರಿಗೆಗೆ ಸಂಬಂಧಿಸಿದ್ದು, ಅದನ್ನು ಬಿಡದೆ ತುಂಬಿ. ಇಲ್ಲಿನ ಆದಾಯ ತೆರಿಗೆಯೂ ಬೇರೆಯೇ, ಜಿಎಸ್‌ಟಿ ಸೊನ್ನೆ ಆದರೂ ಅದು ಇದ್ದೇ ಇರುತ್ತದೆ.

ಎಲ್‌ಯುಟಿ ನಮೂನೆಗೆ ಇಬ್ಬರು ಸಾಕ್ಷಿಗಳ ಹೆಸರು, ವಿಳಾಸ ಬೇಕು. ಮಾವನವರನ್ನೂ ತಮ್ಮನನ್ನೂ ಹಾಕಿ.