ಅಕ್ಕೋರು ಮೀಟಿಂಗಿಗೆ ಹೋದ ದಿನ ಪಾಠವಿಲ್ಲ

ಅಂಕೋಲಾ ತಾಲ್ಲೂಕಿನ ಓದುಗರೊಬ್ಬರು ಕಳೆದ ವಾರ ಬರೆದಿದ್ದರು: "ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 14 ಮಕ್ಕಳು. ಹೋದ ವರ್ಷ ಇದ್ದ ಅತಿಥಿ ಶಿಕ್ಷಕಿ ಈ ವರ್ಷ ಇಲ್ಲ, ದುಡ್ಡಿಲ್ಲವಂತೆ. ಐದೂ ತರಗತಿಗೆ ಒಬ್ಬರೇ ಅಕ್ಕೋರು. ಮಳೆ ಬಂದರೆ ಮಾಡು ಸೋರುತ್ತದೆ. ಮೂರನೇ ಕ್ಲಾಸಿನ ಮಗಳನ್ನು ವ್ಯಾನಿನಲ್ಲಿ ದೂರದ ಇಂಗ್ಲಿಷ್ ಮೀಡಿಯಂ ಶಾಲೆಗೆ ಕಳಿಸಲೇ?" ಬಂದ ಉತ್ತರಗಳಲ್ಲಿ ನಾಲ್ಕು ಇಲ್ಲಿವೆ.

ತಂಗೀ, ಮೊದಲು ಅಕ್ಕೋರ ಮೇಲೆ ಸಿಟ್ಟಾಗಬೇಡಿ. ಒಂದರಿಂದ ಮೂರು ಆಟವಾಡಿಸುತ್ತ ಕಲಿಸುವ ನಲಿಕಲಿ, ಒಟ್ಟಿಗೆ ಕೂರಿಸಿ ಹೇಗೋ ನಡೆಸಬಹುದು. ಪೆಟ್ಟು ಬೀಳುವುದು ನಾಲ್ಕು, ಐದಕ್ಕೆ. ನಿಮ್ಮ ಮಗಳು ಬರುವ ವರ್ಷ ಅಲ್ಲಿಗೇ ಹೋಗುವುದು. ನಾನೂ ಆರು ವರ್ಷ ಒಬ್ಬನೇ ಮಾಸ್ತರಾಗಿದ್ದೆ. ದೊಡ್ಡವರಿಗೆ ಲೆಕ್ಕ ಕೊಟ್ಟು, ಚಿಕ್ಕವರ ಕಡೆ ತಿರುಗಿ, ನಡುವೆ ಬಿಸಿಯೂಟದ ಅಕ್ಕಿ ಬೇಳೆ ಲೆಕ್ಕ ಬರೆಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ನಾಲ್ಕನೇ ತರಗತಿಯ ಭಾಗಾಕಾರ ಆರು ವರ್ಷವೂ ಅರ್ಧಕ್ಕೇ ನಿಂತಿತ್ತು. ಕಾನೂನು ನಿಮ್ಮ ಕಡೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಬೇಕು. 14 ಇದ್ದರೂ ಇಬ್ಬರೇ. ಪಾಲಕರ ಶಾಲಾ ಸಮಿತಿ ಎಸ್‌ಡಿಎಂಸಿಯಲ್ಲಿ ಠರಾವು ಮಾಡಿಸಿ, ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಕಚೇರಿಗೆ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಮಾತ್ರ ಬರಬೇಡಿ.
ನಿವೃತ್ತ ಮಾಸ್ತರ, ಕುಮಟಾ

ಮಾಡಿನ ಬಗ್ಗೆ ನಾನು ಹೇಳುತ್ತೇನೆ. 30ರೊಳಗೆ ಮಕ್ಕಳಿದ್ದರೆ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಿಂದ ಶಾಲೆಗೆ ವರ್ಷಕ್ಕೆ ಸಿಗುವ ಅನುದಾನ 10,000 ರೂಪಾಯಿ. ಸೀಮೆಸುಣ್ಣ, ರಿಜಿಸ್ಟರ್, ಪೊರಕೆ, ಫಿನೈಲ್, ರಿಪೇರಿ ಎಲ್ಲಾ ಅದರಲ್ಲೇ. 31 ಮಕ್ಕಳಾದರೆ 25,000. ಮಕ್ಕಳು ಕಡಿಮೆ ಅಂತ ಮಾಡು ಚಿಕ್ಕದಾಗುತ್ತದಾ? ನಮ್ಮ ಕಡೆಯ ಮಳೆಯಾದರೂ ಕಡಿಮೆ ಸುರಿಯುತ್ತದಾ? ನಾವು ಅಡಿಕೆ ಕೆಲಸ ಮುಗಿದ ಮೇಲೆ ಊರವರೇ ಸೇರಿ ಹಂಚು ಹೊದಿಸಿದೆವು. ಮರುವರ್ಷ ಗೋಡೆಗೆ ದುಡ್ಡು ಕೇಳಿದರೆ, "ನಿಮ್ಮ ಊರವರೇ ಮಾಡ್ತಾರಲ್ಲ" ಎಂದರು! ಸುಮ್ನೆ ಒಳ್ಳೆಯವರಾಗಿ ಕೆಟ್ಟೆವು. ನೀವು ಹಂಚಿಗೆ ಕೈ ಹಚ್ಚುವ ಮೊದಲು ಸೋರುವ ಫೋಟೊ ತೆಗೆದು ಅರ್ಜಿ ಜೊತೆ ಕೊಡಿ. ಮಗಳನ್ನು ಬಿಡಿಸಬೇಡಿ. 14 ಹೋಗಿ 13 ಆದರೆ ಎರಡನೇ ಶಿಕ್ಷಕರನ್ನು ಕೇಳಲು ಇನ್ನೊಂದು ಬಾಯಿ ಕಡಿಮೆ.
ಹಿಂದೆ ಎಸ್‌ಡಿಎಂಸಿ ಅಧ್ಯಕ್ಷನಾಗಿದ್ದವ, ಶಿರಸಿ

ಅಕ್ಕಾ, ಹೇಳುವುದು ಸುಲಭ. ನಾನು ಮಗನನ್ನು ಬಿಡಿಸಿ ವ್ಯಾನಿಗೆ ಹಾಕಿದೆ. ತಪ್ಪು ಅನ್ನಿಸಿಲ್ಲ, ಅವನೊಬ್ಬನ ಮೇಲೆ ಶಾಲೆ ಉಳಿಸುವ ಭಾರ ಹೊರಿಸಲು ನನಗಾಗಲಿಲ್ಲ. ಆದರೆ ಖರ್ಚು ಕೇಳಿ. ಬಿಸಿಯೂಟ, ಹಾಲು, ಮೊಟ್ಟೆ ಹೋಯಿತು. ಪುಸ್ತಕ, ಯೂನಿಫಾರ್ಮ್ ಎಲ್ಲಾ ನಮ್ಮದೇ. ಇವರು ಬೋಟಿಗೆ ಹೋಗುವವರು. ಜೂನ್, ಜುಲೈ 61 ದಿನ ಮೀನುಗಾರಿಕೆ ಬಂದ್, ಫೀಸು ಕಟ್ಟುವುದೂ ಆಗಲೇ. ಎರಡು ವರ್ಷದಿಂದ ನನ್ನ ಬಳೆ ಸೊಸೈಟಿಯಲ್ಲೇ ಇದೆ. ಏಳೂಕಾಲಿಗೆ ವ್ಯಾನು ಹತ್ತುವ ಹುಡುಗ ಸಂಜೆ ಊಟದ ತಟ್ಟೆ ಮುಂದೆ ನಿದ್ದೆ ಮಾಡುತ್ತಾನೆ.
ಒಬ್ಬ ತಾಯಿ, ಹೊನ್ನಾವರ

ನಾನೂ ಅತಿಥಿ ಶಿಕ್ಷಕಿಯೇ. ಶಾಲೆ ಶುರುವಾದರೂ ನಮ್ಮ ಆದೇಶ ಬರುವುದು ತಡ, ಸಂಬಳ ಇನ್ನೂ ತಡ. "ದುಡ್ಡಿಲ್ಲವಂತೆ" ಎಂದು ಬರೆದಿದ್ದೀರಿ. ಯಾರು ಹೇಳಿದ್ದು? ಅದನ್ನೇ ಕಾಗದದಲ್ಲಿ ಬರೆದುಕೊಡಿ ಅನ್ನಿ. ನಮ್ಮೂರಲ್ಲಿ ಪಾಲಕರು ಹಾಗೆ ಕೇಳಿದ ಮೇಲೇ ನನ್ನ ಆದೇಶ ಬಂದದ್ದು, ಅದೂ ಆಗಸ್ಟ್‌ನಲ್ಲಿ. ಮೊದಲ ದಿನ ಹೋದಾಗ ಅಕ್ಕೋರು ಒಳಗೆ ಫೋನಿನಲ್ಲಿ ಯಾವುದೋ ಮಾಹಿತಿ ತುಂಬುತ್ತಿದ್ದರು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಕೋಲು ಹಿಡಿದು ಒಂದನೇ ಕ್ಲಾಸಿನವರಿಗೆ ಅ ಆ ಇ ಈ ಹೇಳಿಕೊಡುತ್ತಿದ್ದಳು. ಚೆನ್ನಾಗಿಯೇ ಹೇಳಿಕೊಡುತ್ತಿದ್ದಳು. ಅವಳ ಲೆಕ್ಕದ ನೋಟ್‌ಬುಕ್ ತೆಗೆದು ನೋಡಿದೆ. ಹೆಸರು, ತರಗತಿ ಬರೆದಿತ್ತು. ಒಳಗೆ ಒಂದು ಪುಟ ಮಾತ್ರ ತುಂಬಿತ್ತು.
ಅತಿಥಿ ಶಿಕ್ಷಕಿ, ಕಾರವಾರ