ಮಕ್ಕಳಿಗೆ ಆನ್‌ಲೈನ್ ಶಾಲೆ, ನಮಗೆ ರಜೆ ಸಿಗುತ್ತದಾ? ವಕೀಲರನ್ನು ಕೇಳಿ

ಅಡ್ಮಿನ್: ಸೆಪ್ಟೆಂಬರ್ 2020ರ ಪ್ರಶ್ನೋತ್ತರ. ಅಮೆರಿಕದ ಕಾರ್ಮಿಕ ಕಾನೂನು ನೋಡುವ ನಮ್ಮ ವಕೀಲೆ ಮೇಡಂ ಉತ್ತರಿಸುತ್ತಾರೆ. ಊರಿನ ಹೆಸರು ಹಾಕಿ ಕೇಳಿ.

ಎಡಿಸನ್: ಮೇಡಂ, ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್ ನಾನು. ಒಟ್ಟು 30 ಜನ. ಎಂಟು ವರ್ಷದ ಮಗನಿಗೆ ಸೋಮವಾರ, ಬುಧವಾರ ಮಾತ್ರ ಶಾಲೆ. ಉಳಿದ ದಿನ ಲ್ಯಾಪ್‌ಟಾಪ್ ಮುಂದೆ. ಮನೆಯವರಿಗೂ ಹಗಲು ಡ್ಯೂಟಿ. ಡಾಕ್ಟರು ‘ಶಾಲೆ ತೆರೆದಿದೆ, ಆಸ್ಪತ್ರೆಯವರಿಗೆ ಈ ರಜೆ ಇಲ್ಲ’ ಅಂತಾರೆ.

ವಕೀಲೆ: ಎರಡೂ ತಪ್ಪು. ಕೊರೊನಾ ಕಾಲಕ್ಕೆಂದು ತಂದ ಸಂಬಳಸಹಿತ ರಜೆಯ ಎಫ್‌ಎಫ್‌ಸಿಆರ್‌ಎ ಕಾನೂನು ಡಿಸೆಂಬರ್ 31ರವರೆಗೆ ಜಾರಿಯಲ್ಲಿದೆ, 500ಕ್ಕಿಂತ ಕಡಿಮೆ ನೌಕರರಿರುವ ಕಡೆ ಅನ್ವಯ. ಶಾಲೆಯೇ ಬರಬೇಡ ಎಂದ ದಿನ, ಆ ದಿನದ ಮಟ್ಟಿಗೆ ಶಾಲೆ ಮುಚ್ಚಿದ ಹಾಗೇ. ವೈದ್ಯಕೀಯ ಸಿಬ್ಬಂದಿಗೆ ಮಾಲೀಕರು ಈ ರಜೆ ಕೊಡದಿರಬಹುದು ಎಂಬ ವಿನಾಯಿತಿಯ ಹಳೆ ವ್ಯಾಖ್ಯಾನವನ್ನು ನ್ಯೂಯಾರ್ಕಿನ ಫೆಡರಲ್ ಕೋರ್ಟು ಆಗಸ್ಟ್ 3ರಂದು ತಳ್ಳಿಹಾಕಿತು. ಸೆಪ್ಟೆಂಬರ್ 16ರ ಹೊಸ ನಿಯಮ ಬಿಲ್ಲಿಂಗ್‌ನವರನ್ನು, ದಾಖಲೆ ನೋಡಿಕೊಳ್ಳುವವರನ್ನು ಹೆಸರಿಸಿಯೇ ವಿನಾಯಿತಿಯಿಂದ ಹೊರಗಿಟ್ಟಿದೆ. ಫೋನೆತ್ತಿ ಅಪಾಯಿಂಟ್‌ಮೆಂಟ್ ಬರೆಯುವ ನೀವೂ ಹೊರಗೇ, ಅಂದರೆ ನಿಮಗೆ ರಜೆ ಸಿಗಬೇಕು ಎಂದು ನಾನು ವಾದಿಸುತ್ತೇನೆ. 12 ವಾರದವರೆಗೆ ಮೂರನೇ ಎರಡು ಪಾಲು ಸಂಬಳ, ದಿನಕ್ಕೆ ಹೆಚ್ಚೆಂದರೆ 200 ಡಾಲರ್. ಆ ದುಡ್ಡು ಡಾಕ್ಟರಿಗೆ ತೆರಿಗೆಯಲ್ಲಿ ವಾಪಸು ಬರುತ್ತದೆ. ಎಷ್ಟೋ ಮಾಲೀಕರಿಗೆ ಅದೇ ಗೊತ್ತಿರುವುದಿಲ್ಲ, ಮೊದಲು ಅದನ್ನೇ ಹೇಳಿ. 50ಕ್ಕಿಂತ ಕಡಿಮೆ ಜನರಿರುವ ಕಡೆ ವ್ಯವಹಾರವೇ ಕುಸಿಯುವಂತಿದ್ದರೆ ವಿನಾಯಿತಿ ಉಂಟು. ಡಾಕ್ಟರು ಹಾಗೆ ಹೇಳಿದರೆ, ಅದನ್ನು ಬರಹದಲ್ಲಿ ಕೊಡಿ ಎಂದು ಕೇಳಿ.

ಡಲ್ಲಾಸ್: ‘ಮಕ್ಕಳಿರುವ ಎಲ್ಲರಿಗೂ 12 ವಾರ ಪೂರ್ತಿ ಸಂಬಳ, ಈ ಪತ್ರ ಎಚ್‌ಆರ್‌ಗೆ ಕಳಿಸಿ ಮನೆಯಲ್ಲಿರಿ.’ ವಾಟ್ಸಾಪಿನಲ್ಲಿ ಬಂತು. ನಿಜವಾ?

ವಕೀಲೆ: ಸುಳ್ಳು. ಇದನ್ನು ನಂಬಿ ಮನೆಯಲ್ಲಿ ಕೂತರೆ ಕೆಲಸ ಹೋಗುತ್ತದೆ.

ಸ್ಯಾನ್ ಹೊಸೆ: ನಮ್ಮದು ಸಾವಿರಾರು ಜನರ ಕಂಪನಿ. ನಮಗೆ?

ವಕೀಲೆ: ಇಲ್ಲ. ಕಂಪನಿಯ ಸ್ವಂತ ಪಾಲಿಸಿ ನೋಡಿ.

ಷಿಕಾಗೋ: ಎಚ್-1ಬಿ ಕೆಲಸದ ವೀಸಾ ಮೇಲಿದ್ದೇನೆ. ರಜೆಯಲ್ಲಿ ಸಂಬಳ ಕಡಿಮೆಯಾದರೆ ವೀಸಾಗೆ ತೊಂದರೆಯಾ?

ಅಟ್ಲಾಂಟಾ: ಶಾಲೆ ತೆರೆದಿದೆ, ಹೆದರಿ ನಾವೇ ಆನ್‌ಲೈನ್ ಆರಿಸಿದೆವು.

ವಕೀಲೆ: ಹಾಗಾದರೆ ಸಿಗುವುದಿಲ್ಲ.

ಡಲ್ಲಾಸ್: ಅನ್ಯಾಯ! ಮಗುವಿಗೆ ಏನಾದರೂ ಆದರೆ ಕಾನೂನು ಬರುತ್ತದಾ?

ಸ್ಯಾನ್ ಹೊಸೆ: ನಿಮ್ಮ ಮನೆಯವರು ಮನೆಯಲ್ಲೇ ಇದ್ದಾರಲ್ಲ, ನಿಮಗ್ಯಾಕೆ ರಜೆ?

ಡಲ್ಲಾಸ್: ಎಚ್-4 ಅವಲಂಬಿತ ವೀಸಾ ಅಂದಮಾತ್ರಕ್ಕೆ ಎರಡು ಮಕ್ಕಳ ಝೂಮ್ ಕ್ಲಾಸು, ಅಡುಗೆ, ಎಲ್ಲ ಅವಳ ತಲೆಗೇ ಕಟ್ಟಬೇಕಾ? ನಿಮ್ಮನೆ ವಿಷಯ ನೀವು ನೋಡಿಕೊಳ್ಳಿ.

ಸ್ಯಾನ್ ಹೊಸೆ: ಹಾಗಾದರೆ ಫಾರ್ವರ್ಡ್ ಹಾಕಿ ನಮ್ಮ ತಲೆ ಕೆಡಿಸಬೇಡಿ.

ವಕೀಲೆ: ಇಬ್ಬರೂ ನಿಲ್ಲಿಸಿ. ನೋಡಿಕೊಳ್ಳಬಲ್ಲ ಇನ್ನೊಬ್ಬರು ಮನೆಯಲ್ಲಿದ್ದರೆ ಈ ರಜೆ ಇಲ್ಲ. ಆ ಪತ್ರ ಮತ್ತೆ ಹಾಕಿದ್ದೀರಿ, ಡಿಲೀಟ್ ಮಾಡಿ.

ಫೀನಿಕ್ಸ್: 700 ಜನರಿದ್ದರೆ?

ವಕೀಲೆ: ಮೇಲೆ ಓದಿ.

ಷಿಕಾಗೋ: ವೀಸಾ ಪ್ರಶ್ನೆ?

ಎಡಿಸನ್: ಕೇಳಿದ್ದಕ್ಕೆ ಕೆಲಸದಿಂದ ತೆಗೆದರೆ, ಮೇಡಂ?

ವಕೀಲೆ: ಹಾಗೆ ತೆಗೆಯುವುದು ಕಾನೂನುಬಾಹಿರ. ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ವಿಭಾಗಕ್ಕೆ ದೂರು ಕೊಡಬಹುದು. ಬಾಯಿಮಾತು ಬೇಡ, ಈಮೇಲ್ ಹಾಕಿ: ಮಗನ ಹೆಸರು, ಶಾಲೆಯ ಹೆಸರು, ಬೇಕಾದ ತಾರೀಕುಗಳು, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ ಎಂಬ ಒಂದು ಸಾಲು. ಶಾಲೆ ಕಳಿಸಿದ ವೇಳಾಪಟ್ಟಿಯನ್ನೂ ಲಗತ್ತಿಸಿ. ಕಳಿಸುವ ಮೊದಲು ನನಗೆ ತೋರಿಸಿ.