ಡಿಸ್ಪೆನ್ಸರಿ ಬಿಲ್ಲಿಂಗ್: ಸ್ಟಾಕ್ ಮೆಟ್ರಿಕ್ ಜೊತೆ ತಾಳೆ ಆಗುತ್ತಿಲ್ಲ, ಸಾಫ್ಟ್‌ವೇರ್ ಬದಲಿಸಬೇಕಾ?

ಸ್ಟಾಕ್‌ರೂಮ್_ಸ್ಯಾಕ್:

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು, ಈಗ ಸ್ಯಾಕ್ರಮೆಂಟೊದಲ್ಲಿ ಲೈಸೆನ್ಸ್ ಇರುವ ಒಂದು ಕ್ಯಾನಬಿಸ್ (ಗಾಂಜಾ) ಅಂಗಡಿಯಲ್ಲಿ ಸ್ಟಾಕ್ ನೋಡಿಕೊಳ್ಳುತ್ತೇನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಪ್ಯಾಕೇಜಿಗೂ (ಒಂದೇ ಬ್ಯಾಚಿನ ಹಲವು ಡಬ್ಬಿ ಸೇರಿ ಒಂದು ಪ್ಯಾಕೇಜ್) ಮೆಟ್ರಿಕ್ ಎನ್ನುವ ಟ್ರ್ಯಾಕಿಂಗ್ ವ್ಯವಸ್ಥೆಯ 24 ಅಕ್ಷರದ ಟ್ಯಾಗ್ ಇರುತ್ತದೆ. ಬಂದದ್ದು, ಮಾರಿದ್ದು, ವಾಪಸ್ ಬಂದದ್ದು ಎಲ್ಲಕ್ಕೂ ಆ ಟ್ಯಾಗ್ ಮೇಲೆಯೇ ಲೆಕ್ಕ. ಕೈಯಲ್ಲಿರುವ ಮಾಲನ್ನು 30 ದಿನಕ್ಕೊಮ್ಮೆಯಾದರೂ ಅದರ ಜೊತೆ ತಾಳೆ ನೋಡಲೇಬೇಕು. ನಾವು ವಾರಕ್ಕೊಮ್ಮೆ ನೋಡುತ್ತೇವೆ.

ಮೂರು ವಾರದಿಂದ ತಾಳೆಯೇ ಆಗುತ್ತಿಲ್ಲ. ನಿನ್ನೆ ರಾತ್ರಿ 10ಕ್ಕೆ ಬಾಗಿಲು ಹಾಕಿ 1 ಗಂಟೆವರೆಗೂ ಕೂತು ಎಣಿಸಿದೆವು. 3.5 ಗ್ರಾಂ ಹೂವಿನ (ಒಣಗಿಸಿದ ಗಾಂಜಾ) ಡಬ್ಬಿ, ಒಂದು ಟ್ಯಾಗ್‌ನಲ್ಲಿ 14 ಇರಬೇಕಿತ್ತು, ಶೆಲ್ಫಿನಲ್ಲಿ 20 ಇತ್ತು. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರನ್ನು ಮೆಟ್ರಿಕ್‌ಗೆ ಜೋಡಿಸುವ ಎಪಿಐ ಕೀ ಹೊಸದು ಹಾಕಿದೆ, ಅಲ್ಲಿಗೆ ಲೆಕ್ಕ ಕಳಿಸುವ ಸಿಂಕ್ ಮತ್ತೆ ಓಡಿಸಿದೆ, ಏನೂ ಬದಲಾಗಲಿಲ್ಲ. ನಮ್ಮ ಸಾಫ್ಟ್‌ವೇರ್ ಹೆಸರು ಬರೆಯುವುದಿಲ್ಲ, ತಪ್ಪು ಅವರದ್ದೋ ನಮ್ಮದೋ ಇನ್ನೂ ಗೊತ್ತಿಲ್ಲವಲ್ಲ. ಓನರ್ ಬೇರೆಯದಕ್ಕೆ ಹೋಗೋಣ ಅಂತ ಡಚ್ಚಿ, ಟ್ರೀಝ್, ಫ್ಲೋಹಬ್, ಕೋವಾ ನಾಲ್ಕಕ್ಕೂ ಡೆಮೊ ಕೇಳಿದ್ದಾರೆ. ಯಾವುದು ಒಳ್ಳೆಯದು? ಬಳಸಿದವರು ದಯವಿಟ್ಟು ಹೇಳಿ.

ತಕ್ಕಡಿ_ತೂಕ:

ಸಾಫ್ಟ್‌ವೇರ್ ಮಾತು ಆಮೇಲೆ. ಅದೇ ಬ್ರ್ಯಾಂಡಿನ ಅದೇ ಡಬ್ಬಿ ಇನ್ನೊಂದು ಟ್ಯಾಗ್‌ನಲ್ಲೂ ಇದೆಯಾ ನೋಡಿ. ಇದ್ದರೆ ಎರಡನ್ನೂ ಕೂಡಿಸಿ, ಒಟ್ಟು ಎಷ್ಟು ಬರುತ್ತದೆ ಅಂತ ಇಲ್ಲಿ ಬರೆಯಿರಿ.

ಸ್ಟಾಕ್‌ರೂಮ್_ಸ್ಯಾಕ್:

ಇದೆ ಸರ್. ಎರಡನೇ ಟ್ಯಾಗ್‌ನಲ್ಲಿ 31 ಇರಬೇಕು, ಇರುವುದು 25. ಅಂದರೆ ಲೆಕ್ಕದಲ್ಲಿ 45, ಶೆಲ್ಫಿನಲ್ಲೂ 45! ಒಂದು ಡಬ್ಬಿಯೂ ಹೋಗಿಲ್ಲ. ಇದನ್ನು ನೋಡಿ ನಿಜಕ್ಕೂ ಕಣ್ಣು ತುಂಬಿ ಬಂತು, ಯಾಕೆಂದರೆ ಎರಡು ವಾರದಿಂದ ಇಲ್ಲಿ ಕೌಂಟರಿನ ಒಬ್ಬ ಹುಡುಗಿಯ ಮೇಲೆ ಅನುಮಾನ ಶುರುವಾಗಿತ್ತು.

ತಕ್ಕಡಿ_ತೂಕ:

ಮೊದಲು ಆ ಹುಡುಗಿಗೆ ವಿಷಯ ಹೇಳಿ, ಓನರ್ ಎದುರಿಗೇ ಹೇಳಿ.

ಈಗ ಕಾರಣ. ಕೌಂಟರಿನಲ್ಲಿ ನಿಮ್ಮವರು ಡಬ್ಬಿ ಮೇಲಿನ ಕಂಪನಿಯ ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತಿದ್ದಾರೆ ಅನಿಸುತ್ತದೆ. ಆ ಬಾರ್‌ಕೋಡ್ ಎರಡೂ ಟ್ಯಾಗ್‌ನ ಡಬ್ಬಿಗೆ ಒಂದೇ. ಯಾವ ಟ್ಯಾಗ್‌ನಿಂದ ಕಳೆಯಬೇಕು ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ, ಅದು ಮೊದಲು ಬಂದ ಟ್ಯಾಗ್‌ನಿಂದ ಕಳೆಯುತ್ತಾ ಹೋಗುತ್ತದೆ. ಗಿರಾಕಿ ಕೈಗೆ ಹೋದದ್ದು ಮಾತ್ರ ಹೊಸ ಟ್ಯಾಗ್‌ನ ಡಬ್ಬಿ, ಯಾಕೆಂದರೆ ಹೊಸ ಮಾಲನ್ನು ಶೆಲ್ಫಿನ ಮುಂದೆ ಜೋಡಿಸಿರುತ್ತೀರಿ. ಆರು ಸಲ ಹೀಗಾದರೆ ಅಲ್ಲಿ ಆರು ಜಾಸ್ತಿ, ಇಲ್ಲಿ ಆರು ಕಡಿಮೆ. ಸಿಂಕ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ, ತಪ್ಪು ಲೆಕ್ಕವನ್ನು ಸರಿಯಾಗಿ ಕಳಿಸುತ್ತಿದೆ ಅಷ್ಟೇ.

ನಾನು ದಾವಣಗೆರೆಯಲ್ಲಿ ಮಾವನ ಮೆಡಿಕಲ್ ಶಾಪಿನಲ್ಲಿ ನಾಲ್ಕು ವರ್ಷ ಕೂತಿದ್ದೆ. ಅಲ್ಲೂ ಇದೇ ಕಥೆ. ಒಂದೇ ಮಾತ್ರೆ, ಎರಡು ಬ್ಯಾಚ್, ಬಿಲ್ಲಿನಲ್ಲಿ ಒಂದು ಬ್ಯಾಚ್ ನಂಬರು, ಕವರಿನಲ್ಲಿ ಇನ್ನೊಂದು. ಕಂಪನಿ ಒಂದು ಬ್ಯಾಚ್ ವಾಪಸ್ ಕರೆದಾಗ ಯಾರಿಗೆ ಕೊಟ್ಟೆವು ಅಂತ ಹುಡುಕುವುದು ಹೇಗೆ ಹೇಳಿ. ನಿಮ್ಮಲ್ಲೂ ಲ್ಯಾಬ್ ಟೆಸ್ಟ್ ಬ್ಯಾಚಿಗೇ ಆಗುವುದು, ರೀಕಾಲ್ ಬಂದರೂ ಬ್ಯಾಚಿಗೇ ಬರುವುದು. ಒಟ್ಟು ಸರಿ ಇದೆಯಲ್ಲ ಅಂತ ಬಿಡುವ ಹಾಗಿಲ್ಲ.

ಮಾಡಬೇಕಾದದ್ದು ಇಷ್ಟು. ಮಾಲು ಬಂದ ದಿನವೇ, ಶೆಲ್ಫಿಗೆ ಹೋಗುವ ಮುಂಚೆ, ಪ್ರತಿ ಡಬ್ಬಿಗೂ ಟ್ಯಾಗ್‌ಗೆ ಸೇರಿದ ನಿಮ್ಮದೇ ಸಣ್ಣ ಲೇಬಲ್ ಅಂಟಿಸಿ, ಕಂಪನಿಯ ಎಚ್ಚರಿಕೆ ಬರಹ ಮುಚ್ಚದ ಹಾಗೆ. ಟ್ಯಾಗ್‌ನ ಕೊನೆಯ ನಾಲ್ಕು ಅಂಕಿ ದಪ್ಪ ಅಕ್ಷರದಲ್ಲಿ ಇರಲಿ, ಆಗ ಎಣಿಸುವಾಗ ಕಣ್ಣಿಗೇ ಬೀಳುತ್ತದೆ. ಕೌಂಟರಿನಲ್ಲಿ ಆ ಲೇಬಲ್ ಮಾತ್ರ ಸ್ಕ್ಯಾನ್ ಆಗಬೇಕು. ಹೆಸರು ಟೈಪ್ ಮಾಡಿ ಬಿಲ್ಲಿಗೆ ಸೇರಿಸುವ ದಾರಿ ಸೆಟ್ಟಿಂಗಿನಲ್ಲಿದ್ದರೆ ಮುಚ್ಚಿಬಿಡಿ. ಹಳೆಯ ತಪ್ಪಿಗೆ ಸುಮ್ನೆ ಅಡ್ಜಸ್ಟ್‌ಮೆಂಟ್ ಹಾಕಿ ಮುಗಿಸಬೇಡಿ. ಎಣಿಸಿದ ಹಾಳೆ, ದಿನಾಂಕ, ಕಾರಣ ಎಲ್ಲ ಬರೆದಿಟ್ಟು ಕಂಪ್ಲಯನ್ಸ್ (ನಿಯಮ ಪಾಲನೆ) ನೋಡುವವರಿಗೆ ತೋರಿಸಿ, ಅವರು ಹೇಳಿದ ಮೇಲೆ ಸರಿಪಡಿಸಿ.

ಡೆಮೊ ಬಗ್ಗೆ. ನೀವು ಬರೆದ ನಾಲ್ಕೂ ಮೆಟ್ರಿಕ್‌ಗೆ ಸೇರುತ್ತವೆ, ಹಾಗಾಗಿ ಸೇರುತ್ತದಾ ಅಂತ ಡೆಮೊದಲ್ಲಿ ಕೇಳಿದರೆ ಏನೂ ತಿಳಿಯುವುದಿಲ್ಲ. ಡಚ್ಚಿ ಆನ್‌ಲೈನ್ ಆರ್ಡರಿನಿಂದ ಶುರುವಾದ ಕಂಪನಿ, 2021ರಲ್ಲಿ ಗ್ರೀನ್‌ಬಿಟ್ಸ್ ಮತ್ತು ಲೀಫ್‌ಲಾಜಿಕ್ಸ್ ಎನ್ನುವ ಎರಡು ಅಂಗಡಿ ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿಗಳನ್ನು ಕೊಂಡುಕೊಂಡು ಕೌಂಟರಿಗೆ ಬಂತು. ಆನ್‌ಲೈನ್ ವ್ಯಾಪಾರವೇ ಜಾಸ್ತಿ ಇದ್ದರೆ ಅದನ್ನು ಮೊದಲು ನೋಡಿ. ಟ್ರೀಝ್ ಕ್ಯಾಲಿಫೋರ್ನಿಯಾದ್ದೇ, ಫ್ಲೋಹಬ್ ಡೆನ್ವರಿನದ್ದು. ನಾನಾದರೆ ಎಲ್ಲರ ಮುಂದೆಯೂ ಒಂದೇ ಪರೀಕ್ಷೆ ಇಡುತ್ತೇನೆ: ಒಂದೇ ಬಾರ್‌ಕೋಡಿನ, ಬೇರೆ ಬೇರೆ ಟ್ಯಾಗ್‌ನ ಎರಡು ಡಬ್ಬಿ ಸ್ಕ್ಯಾನ್ ಮಾಡಿ. ಯಾವ ಟ್ಯಾಗ್ ಅಂತ ಅದು ನಿಂತು ಕೇಳುತ್ತದಾ, ತಾನೇ ಒಂದನ್ನು ಆರಿಸಿಕೊಂಡು ಮುಂದೆ ಹೋಗುತ್ತದಾ ನೋಡಿ.

ತೆರಿಗೆ_ಪುಸ್ತಕ:

ನಾನು ಇಂಥ ಎರಡು ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಹಾಗಾಗಿ ಇನ್ನೆರಡು ಪರೀಕ್ಷೆ ಸೇರಿಸುತ್ತೇನೆ.

ಒಂದು, ತೆರಿಗೆ. ಗಾಂಜಾ ಮೇಲಿನ ಕ್ಯಾಲಿಫೋರ್ನಿಯಾದ ಎಕ್ಸೈಸ್ ತೆರಿಗೆ 2025ರ ಜುಲೈ 1ರಿಂದ ಶೇ. 19 ಆಗಿತ್ತು, ಅಕ್ಟೋಬರ್ 1ರಿಂದ ಮತ್ತೆ ಶೇ. 15ಕ್ಕೆ ಇಳಿಯಿತು. ಸೇಲ್ಸ್ ಟ್ಯಾಕ್ಸ್ ಹಾಕುವುದು ಎಕ್ಸೈಸ್ ಸೇರಿಸಿದ ಮೇಲೆ. 40 ಡಾಲರಿನ ಡಬ್ಬಿಗೆ 6 ಡಾಲರ್ ಎಕ್ಸೈಸ್, ಆ 46ರ ಮೇಲೆ ಶೇ. 8.75 ಸೇಲ್ಸ್ ಟ್ಯಾಕ್ಸ್ ಹಾಕಿದರೆ 4 ಡಾಲರ್ 3 ಸೆಂಟ್. ಬರೀ 40ರ ಮೇಲೆ ಹಾಕಿದರೆ 3.50. ಒಂದು ಬಿಲ್ಲಿನಲ್ಲಿ ಅರ್ಧ ಡಾಲರ್, ಆದರೆ ಆ ಕೊರತೆ ತುಂಬುವುದು ಅಂಗಡಿಯೇ ಅಲ್ವಾ? ಡೆಮೊದಲ್ಲಿ ಈ ಬಿಲ್ ಹಾಕಿಸಿ, ಆಮೇಲೆ ದರ ಬದಲಾಗುವ ಮುಂಚಿನ ದಿನದ ಒಂದು ಬಿಲ್ ವಾಪಸ್ ಮಾಡಿಸಿ. ಹಳೆಯ ದರದಲ್ಲೇ ವಾಪಸ್ ಆಗಬೇಕು.

ಎರಡು, ಮಿತಿ. 21 ವರ್ಷ ತುಂಬಿದ ಗಿರಾಕಿಗೆ ದಿನಕ್ಕೆ 28.5 ಗ್ರಾಂ ಹೂವು. 3.5ರ ಡಬ್ಬಿ ಎಂಟಾದರೆ 28 ಗ್ರಾಂ, ಒಂಬತ್ತನೆಯದಕ್ಕೆ ಬಿಲ್ ನಿಲ್ಲಬೇಕು. ಬೆಳಿಗ್ಗೆ ಐದು ಒಯ್ದವರು ಸಂಜೆ ಬಂದು ನಾಲ್ಕು ಕೇಳಿದರೂ ನಿಲ್ಲಬೇಕು. ಈ ಎರಡನೆಯದನ್ನು ತೋರಿಸಿ ಅಂತ ಬಾಯಿ ಬಿಟ್ಟು ಕೇಳಿ, ಕೇಳದಿದ್ದರೆ ಯಾರೂ ತೋರಿಸುವುದಿಲ್ಲ.

ಸಾಧ್ಯವಾದರೆ ನೆಟ್ ಕೇಬಲನ್ನೂ ಕಿತ್ತು ನೋಡಿ. ಮೆಟ್ರಿಕ್ ಸಂಪರ್ಕ ಹೋದರೆ ಹೋದ ಹೊತ್ತು, ಬಂದ ಹೊತ್ತು, ಕಾರಣ ಬರೆದಿಡಬೇಕು, ಸಂಪರ್ಕ ಬಂದ ಮೂರು ದಿನದೊಳಗೆ ಬಾಕಿ ಎಲ್ಲ ಸೇರಿಸಬೇಕು. ಅಷ್ಟು ಹೊತ್ತಿನ ಬಿಲ್‌ಗಳನ್ನು ಅದು ಟ್ಯಾಗ್ ಸಮೇತ ಇಟ್ಟುಕೊಳ್ಳುತ್ತದಾ ಅನ್ನುವುದೇ ಮುಖ್ಯ.

ಸ್ಟಾಕ್‌ರೂಮ್_ಸ್ಯಾಕ್:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಲೇಬಲ್ ಶುರು ಮಾಡಿದೆವು, ಹೆಸರು ಟೈಪ್ ಮಾಡುವುದನ್ನು ಮುಚ್ಚಿದೆವು. ಮೊದಲ ಎರಡು ದಿನ ಕ್ಯೂ ಉದ್ದವಾಯಿತು, ಕೌಂಟರಿನವರು ಗೊಣಗಿದರು, ಈಗ ಕೈಗೆ ಬಂದಿದೆ. ನಿನ್ನೆಯ ಎಣಿಕೆಯಲ್ಲಿ ಹೂವಿನ ಡಬ್ಬಿ ಎಲ್ಲ ಟ್ಯಾಗ್‌ವಾರು ಸರಿ ಬಂತು. ಪ್ರೀ-ರೋಲ್‌ನಲ್ಲಿ (ಮೊದಲೇ ಸುತ್ತಿಟ್ಟ ಗಾಂಜಾ ಸಿಗರೇಟು) ಮಾತ್ರ ಒಂದು ಟ್ಯಾಗ್‌ಗೆ ಎರಡು ಜಾಸ್ತಿ, ಅದು ಲೇಬಲ್ ಅಂಟಿಸುವಾಗ ನಾನೇ ಮಾಡಿದ ತಪ್ಪು.

ಆ ಹುಡುಗಿಯ ಹತ್ತಿರ ಓನರ್ ಕ್ಷಮೆ ಕೇಳಿದರು. ಸ್ಟಾಕ್ ಎಣಿಸುವ ಕೆಲಸಕ್ಕೆ ಈಗ ಅವಳೂ ನನ್ನ ಜೊತೆ ಇದ್ದಾಳೆ.

ಸಾಫ್ಟ್‌ವೇರ್ ಬದಲಿಸುವುದು ಇನ್ನೂ ತೀರ್ಮಾನ ಆಗಿಲ್ಲ. ನಮ್ಮದರಲ್ಲೇ ತೆರಿಗೆಯ ಪರೀಕ್ಷೆ ಮಾಡಿದೆ, ಬಿಲ್ ಸರಿ ಬಂತು, ಹಳೆಯ ಬಿಲ್ ವಾಪಸ್ ಮಾಡಿದಾಗ ಮಾತ್ರ ಹೊಸ ದರ ಹಿಡಿಯಿತು. ಅದನ್ನು ಅವರಿಗೆ ಬರೆದು ಕಳಿಸಿದ್ದೇನೆ. ಮೊದಲ ಡೆಮೊ ಗುರುವಾರ, ಎರಡು ಟ್ಯಾಗ್‌ನ ಎರಡು ಡಬ್ಬಿ ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತೇನೆ.